ಎರಡು ಇಪಿಎಬಿಎಕ್ಸ್ ನಡುವೆ ಪಿಆರ್‌ಐ: ಡಿ ಚಾನೆಲ್ ಏಳುತ್ತಿಲ್ಲ

ಪ್ರಶ್ನೆ: ಆಫೀಸಿನ ಹಳೇ ಇಪಿಎಬಿಎಕ್ಸ್‌ಗೂ (ಆಫೀಸಿನೊಳಗಿನ ಫೋನ್ ಎಕ್ಸ್‌ಚೇಂಜ್) ಗೋಡೌನಿನ ಹೊಸದಕ್ಕೂ ಇ1 ಪಿಆರ್‌ಐ (ಒಟ್ಟಿಗೆ ಹಲವು ಕರೆ ಸಾಗಿಸುವ ಡಿಜಿಟಲ್ ಲೈನ್) ಎಳೆದಿದ್ದೇವೆ. ಲೈಟ್ ಹಸಿರು, ಆದರೆ ಡಿ ಚಾನೆಲ್ (ಕರೆ ಜೋಡಿಸುವ ಸಿಗ್ನಲ್ ಹೋಗುವ ದಾರಿ) ಏಳುತ್ತಲೇ ಇಲ್ಲ. ಎರಡು ದಿನದಿಂದ ತಲೆ ಕೆಟ್ಟಿದೆ ಸರ್.

ಉತ್ತರ: ಸೆಟ್ಟಿಂಗ್‌ನಲ್ಲಿ ಎರಡೂ ಕಡೆ ಯೂಸರ್ (ಲೈನ್ ಬಳಸುವ ಕಡೆ) ಅಂತಲೇ ಇಟ್ಟಿದ್ದೀರಾ? ಟೆಲಿಕಾಂ ಕಂಪನಿಯ ಲೈನ್ ಆದರೆ ನೆಟ್‌ವರ್ಕ್ ಕಡೆ ಅವರೇ ಇರುತ್ತಾರೆ, ಇಲ್ಲಿ ಆ ಕೆಲಸ ನಿಮ್ಮದೇ ಒಂದು ಬಾಕ್ಸ್ ಮಾಡಬೇಕು ಅಲ್ವಾ?

ಪ್ರಶ್ನೆ ಕೇಳಿದವರು: ಹಳೇದನ್ನು ನೆಟ್‌ವರ್ಕ್ ಮಾಡಿದೆ, ತಕ್ಷಣ ಎದ್ದಿತು! ಆದರೆ ಮಾತಿನ ನಡುವೆ ಟಕ್ ಟಕ್ ಸದ್ದು, ಫ್ಯಾಕ್ಸ್ ಅಂತೂ ಹೋಗುವುದೇ ಇಲ್ಲ.

ಇನ್ನೊಬ್ಬರು: ಅದು ಕ್ಲಾಕ್ (ಎರಡೂ ಕಡೆ ಒಂದೇ ವೇಗ ಕಾಯುವ ಟೈಮಿಂಗ್) ಜಗಳ. ಹಳೇದು ಟೆಲಿಕಾಂ ಲೈನಿನಿಂದ ಕ್ಲಾಕ್ ತೆಗೆದುಕೊಳ್ಳಲಿ, ಹೊಸದು ಹಳೇದರಿಂದ. ಎರಡೂ ಸ್ವಂತ ಕ್ಲಾಕ್ ಓಡಿಸಿದರೆ ಸ್ಲಿಪ್ (ನಡುವೆ ಡೇಟಾ ತುಂಡು ತಪ್ಪುವುದು ಇಲ್ಲವೇ ಎರಡು ಸಲ ಬರುವುದು) ಗ್ಯಾರಂಟಿ. ಸಿಆರ್‌ಸಿ4 (ಲೈನಿನ ತಪ್ಪು ಹಿಡಿಯುವ ಚೆಕ್) ಸೆಟ್ಟಿಂಗ್ ಕೂಡ ಎರಡೂ ಕಡೆ ಒಂದೇ ಇರಲಿ. ಇನ್ನೊಂದು, ಮಾತಿಗೆ 30 ಚಾನೆಲ್ ಅಷ್ಟೇ, 16ನೇ ಸ್ಲಾಟ್ ಸಿಗ್ನಲಿಂಗ್‌ಗೆ, ಅಂದರೆ ಡಿ ಚಾನೆಲ್‌ಗೆ. ಅದನ್ನು ಸುಮ್ನೆ ಬಿಡಿ.