ಸಹಾಯ ಬೇಕು: ಆಮ್ಲಜನಕಕ್ಕೆ ಎರಡೇ ಪರಮಾಣು ಸಾಕು, ಗಂಧಕಕ್ಕೆ ಎಂಟೇಕೆ?

ಎಲ್ಲರಿಗೂ ನಮಸ್ಕಾರ. ಮಗಳಿಗೆ ಅಣು, ಪರಮಾಣುಗಳ ಪಾಠ ಹೇಳಿಕೊಡುತ್ತಾ ನಾನೇ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಹೀಲಿಯಂ, ನಿಯಾನ್, ಆರ್ಗಾನ್‌ಗಳ ಹೊರಕವಚ ಮೊದಲೇ ತುಂಬಿರುವುದರಿಂದ ಅವು ಒಂಟಿ ಪರಮಾಣುಗಳಾಗಿಯೇ ಇರುತ್ತವೆ, ಹೈಡ್ರೋಜನ್ ಮತ್ತು ಕ್ಲೋರಿನ್ ಎಲೆಕ್ಟ್ರಾನ್ ಹಂಚಿಕೊಂಡು ಜೋಡಿಯಾಗುತ್ತವೆ ಎಂಬಲ್ಲಿಯವರೆಗೆ ತೊಡಕಿಲ್ಲ. ತೊಡಕು ಶುರುವಾಗುವುದು ಆವರ್ತಕ ಕೋಷ್ಟಕದ 16ನೇ ಗುಂಪಿನಲ್ಲಿ. ಆಮ್ಲಜನಕ, ಗಂಧಕ ಎರಡಕ್ಕೂ ಹೊರಕವಚದಲ್ಲಿ 6 ಎಲೆಕ್ಟ್ರಾನ್‌ಗಳಿದ್ದು, ಇನ್ನೆರಡು ಬೇಕಾಗುತ್ತವೆ. ಹಾಗಿದ್ದರೂ ಆಮ್ಲಜನಕದ ಎರಡು ಪರಮಾಣುಗಳು ದ್ವಿಬಂಧದಿಂದ (ಎರಡು ಜೋಡಿ ಎಲೆಕ್ಟ್ರಾನ್ ಹಂಚಿಕೊಂಡು) ಕೂಡಿ ಅನಿಲವಾಗಿ ಉಳಿದರೆ, ಗಂಧಕದ ಎಂಟು ಪರಮಾಣುಗಳು ಉಂಗುರ ಕಟ್ಟಿಕೊಂಡು ಹಳದಿ ಹರಳಾಗುತ್ತವೆ. ಸಾರಜನಕ ಎರಡಾಗಿ, ಬಿಳಿ ರಂಜಕ ನಾಲ್ಕಾಗಿ ಇರುವುದೂ ಇದೇ ಬಗೆಯದು.

ಒಂದು ಕಡ್ಡಿ ಎಂದರೆ ಹಂಚಿಕೊಂಡ ಒಂದು ಜೋಡಿ ಎಲೆಕ್ಟ್ರಾನ್ ಎಂದಿಟ್ಟುಕೊಂಡು, ಜೇಡಿಮಣ್ಣಿನ ಎಂಟು ಉಂಡೆಗಳನ್ನು ಕಡ್ಡಿಗಳಿಂದ ಜೋಡಿಸಿ ನೋಡಿದೆವು. ಒಂದು ಮೇಲೆ, ಒಂದು ಕೆಳಗೆ ಎಂಬಂತೆ ಅದು ಕಿರೀಟದ ಆಕಾರ ತಳೆಯಿತು. ಪ್ರತಿ ಉಂಡೆಗೂ ಎರಡೆರಡು ಕಡ್ಡಿ ಸಿಕ್ಕಿ ಅಷ್ಟಕ (ಹೊರಕವಚದಲ್ಲಿ ಎಂಟು ಎಲೆಕ್ಟ್ರಾನ್) ಪೂರ್ಣವಾಯಿತು. ಆದರೆ ಎರಡೇ ಉಂಡೆಗಳ ನಡುವೆ ಎರಡು ಕಡ್ಡಿ ಚುಚ್ಚಿದರೂ ಲೆಕ್ಕ ಅಷ್ಟೇ ಚೆನ್ನಾಗಿ ಹೊಂದುತ್ತದೆ. ಅಂದಮೇಲೆ ಅಷ್ಟಕ ನಿಯಮವೊಂದೇ ಇದನ್ನು ನಿರ್ಧರಿಸಲಾರದು.

ಗಂಧಕದ ಪರಮಾಣು ದೊಡ್ಡದಾದ್ದರಿಂದ ಹೀಗೆ ಎಂದು ಓದಿದೆ, ಆದರೆ ಗಾತ್ರಕ್ಕೂ ಬಂಧಕ್ಕೂ ಇರುವ ನಂಟು ಅಲ್ಲಿ ವಿವರವಾಗಿರಲಿಲ್ಲ. ಮೇಲಾಗಿ, ಬಹಳ ಹೆಚ್ಚಿನ ಉಷ್ಣತೆಯಲ್ಲಿ ಗಂಧಕದ ಆವಿಯಲ್ಲಿಯೂ ಎರಡು ಪರಮಾಣುಗಳ ಅಣುಗಳೇ ಇರುತ್ತವೆಯಂತೆ.

ನನ್ನ ಪ್ರಶ್ನೆ ಇಷ್ಟೇ: ಪರಮಾಣು ದೊಡ್ಡದಾದಾಗ ದ್ವಿಬಂಧ ಏಕೆ ದುರ್ಬಲವಾಗುತ್ತದೆ, ಮತ್ತು ಕಾಯಿಸಿದಾಗ ಗಂಧಕದಲ್ಲಿ ಅದೇ ದ್ವಿಬಂಧ ಹೇಗೆ ಉಳಿಯುತ್ತದೆ?