ಗ್ಲೂಕೋಸ್ ಕಟ್ಟಿದ ಔಷಧಿ ಜೀವಕೋಶದೊಳಗೆ ಯಾಕೆ ಹೋಗುತ್ತಿಲ್ಲ?

ಧಾರವಾಡದವಳು, ಪಾಷಾಣ್:
ಪುಣೆಯಲ್ಲಿ ಪಿಎಚ್‌ಡಿ ಮೂರನೇ ವರ್ಷ. ನೋವು ನಿವಾರಕ ಐಬುಪ್ರೊಫೇನ್‌ಗೆ ಟ್ರಯಜೋಲ್ ಎಂಬ ಉಂಗುರದ ಕೊಂಡಿ ಹಾಕಿ ಗ್ಲೂಕೋಸ್ ಜೋಡಿಸುವುದು ನನ್ನ ಕೆಲಸ. ಅಮ್ಮನಿಗೆ ಪೆಟ್ ಸ್ಕ್ಯಾನ್ ಆದಾಗ ಆರು ತಾಸು ಉಪವಾಸ ಇರಿಸಿ, ಫ್ಲೋರಿನ್ ಕಟ್ಟಿದ ಗ್ಲೂಕೋಸ್ ಚುಚ್ಚಿದ್ದರು. ಗಡ್ಡೆ ಅದನ್ನು ಎಳೆದುಕೊಂಡು ಹೊಳೆಯುತ್ತಿತ್ತು. ಸಕ್ಕರೆ ಹಿಡಿದುಕೊಂಡು ಔಷಧಿಯೂ ಒಳಗೆ ಹೋಗಬಾರದೇಕೆ? ಅಂದಿನಿಂದ ಇದೇ ಗುಂಗು.

ಜೋಡಿಸುವುದು ಕಷ್ಟವಾಗಲಿಲ್ಲ. ಔಷಧಿಗೆ ಆಲ್ಕೈನ್ ತುದಿ, ಸಕ್ಕರೆಗೆ ಅಜೈಡ್ ತುದಿ ಕೊಟ್ಟು, ಎರಡಕ್ಕೂ ಕಾಪರ್ ಸಲ್ಫೇಟ್, ಆಸ್ಕಾರ್ಬೇಟ್ ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ಕೂಡಿರುತ್ತದೆ. ಕೂಡಿದೆಯೇ ಎಂದು ನೋಡುವ ಟಿಎಲ್‌ಸಿ ಪ್ಲೇಟನ್ನು ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಅದ್ದಿ ಬಿಸಿ ಗಾಳಿ ಹಿಡಿದರೆ ಸಕ್ಕರೆ ಸುಟ್ಟು ಕಪ್ಪು ಚುಕ್ಕೆ ಏಳುತ್ತದೆ. ಆ ಚುಕ್ಕೆ ನೋಡುವ ಖುಷಿಯೇ ಬೇರೆ.

ತೊಂದರೆ ಇರುವುದು ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳಲ್ಲಿ. ಸಕ್ಕರೆಯ ಹೈಡ್ರಾಕ್ಸಿಲ್‌ಗಳ ಮೇಲೆ ಅಸಿಟೈಲ್ ಹೊದಿಕೆ ಇರುವ ಸಂಯುಕ್ತ ಸ್ವಲ್ಪ ಕೋಶಗಳನ್ನು ಕೊಲ್ಲುತ್ತದೆ. ಹೊದಿಕೆ ತೆಗೆದದ್ದು 50 ಮೈಕ್ರೋಮೋಲಾರ್‌ನಲ್ಲೂ ಏನೂ ಮಾಡುವುದಿಲ್ಲ. ಉಲ್ಟಾ ಆಗಬೇಕಿತ್ತು ಅಲ್ವಾ?

ಔಂಧ್‌ನ ಅಣ್ಣ:
ತಂಗಿ, ಹೊದಿಕೆ ಇದ್ದದ್ದು ಜಿಡ್ಡಿನಂಥದ್ದು, ಕೋಶದ ಪೊರೆಯಲ್ಲಿ ತಾನೇ ನುಸುಳುತ್ತದೆ. ಗ್ಲೂಕೋಸನ್ನು ಕೋಶದೊಳಗೆ ಬಿಡುವ ಬಾಗಿಲಾದ ಗ್ಲೂಟ್-1 ಸಾಗಣೆದಾರ ಅದನ್ನು ಸಕ್ಕರೆ ಅಂತ ಗುರುತಿಸುವುದೇ ಇಲ್ಲ, ಅದಕ್ಕೆ ಬಿಚ್ಚಿದ ಹೈಡ್ರಾಕ್ಸಿಲ್‌ಗಳು ಬೇಕು.

ಬಿಚ್ಚಿದ್ದು ಯಾಕೆ ಹೋಗಲಿಲ್ಲ? ಅಮ್ಮನನ್ನು ಉಪವಾಸ ಇರಿಸಿದ್ದು ಯಾಕೆ ಅಂತ ಯೋಚಿಸು. ರಕ್ತದ ಸಕ್ಕರೆ ಪೈಪೋಟಿಗೆ ಬರಬಾರದು ಅಂತ. ನೀನು ಕೋಶ ಬೆಳೆಸಲು ಬಳಸುವ ಮೀಡಿಯಂ (ಪೋಷಕ ದ್ರವ) ಹೈ ಗ್ಲೂಕೋಸ್ ಆಗಿದ್ದರೆ ಲೀಟರಿಗೆ 4.5 ಗ್ರಾಂ, ಅಂದರೆ 25 ಮಿಲಿಮೋಲಾರ್. ನಿನ್ನ ಒಂದು ಅಣುವಿಗೆ 500 ಗ್ಲೂಕೋಸ್ ಅಣುಗಳು ಬಾಗಿಲಲ್ಲಿ ನಿಂತಿವೆ! ಲೀಟರಿಗೆ 1 ಗ್ರಾಂ ಗ್ಲೂಕೋಸ್ ಇರುವ ಮೀಡಿಯಂನಲ್ಲಿ ಮಾಡು. ಜೊತೆಗೆ ಫ್ಲೊರೆಟಿನ್ ಹಾಕಿ ಆ ಬಾಗಿಲು ಮುಚ್ಚಿಯೂ ನೋಡು. ಆಗಲೂ ಪರಿಣಾಮ ಕಡಿಮೆ ಆಗದಿದ್ದರೆ ಅದು ಗ್ಲೂಟ್ ದಾರಿಯಲ್ಲಿ ಹೋಗುತ್ತಿಲ್ಲ.

ಬೆಳಗಾವಿ ಅಕ್ಕ, ಕೋಥ್ರೂಡ್:
ನನಗೆ ಇನ್ನೊಂದು ಚಿಂತೆ. ಐಬುಪ್ರೊಫೇನ್‌ನ ಆಮ್ಲದ ತುದಿಯೇ ಉರಿಯೂತಕ್ಕೆ ಕಾರಣವಾಗುವ ಕಾಕ್ಸ್ ಕಿಣ್ವದ 120ನೇ ಅಮೈನೋ ಆಮ್ಲವಾದ ಆರ್ಜಿನಿನ್ ಹಿಡಿಯುವುದು. ಆ ತುದಿಯಲ್ಲೇ ಕೊಂಡಿ ಹಾಕಿದ್ದೀಯಾ? ಎಸ್ಟರೋ, ಅಮೈಡೋ? ಟ್ರಯಜೋಲ್ ಅಂತೂ ಕೋಶದಲ್ಲಿ ಬಿಚ್ಚುವುದಿಲ್ಲ. ಎಸ್ಟರ್ ಆದರೆ ಎಸ್ಟರೇಸ್ ಕತ್ತರಿಸಿ ಔಷಧಿಯನ್ನು ಬಿಡುಗಡೆ ಮಾಡೀತು. ಉರಿಯೂತ ಇಳಿಸಬೇಕು ಅಂದರೆ ಅದು ಮುಖ್ಯ.

ಧಾರವಾಡದವಳು, ಪಾಷಾಣ್:
ಅಮೈಡ್, ಅಕ್ಕ. ಗಟ್ಟಿಯಾಗಿ ಇರಲಿ ಅಂತ ಹಾಕಿದ್ದೆ. ಮೀಡಿಯಂ ಬಾಟಲಿ ಈಗಷ್ಟೇ ನೋಡಿದೆ ಅಣ್ಣ, 4.5 ಗ್ರಾಂ ಅಂತಲೇ ಇದೆ. ಸೋಮವಾರ ಅಮೈಡ್ ಬದಲು, ಆಲ್ಕೈನ್ ತುದಿ ಇರುವ ಪ್ರೊಪಾರ್ಜಿಲ್ ಎಸ್ಟರ್ ಶುರು ಮಾಡುತ್ತೇನೆ.