ಊಟದ ತ್ಯಾಜ್ಯ ಮಾತ್ರ ಹಾಕುವ ಬಯೋಗ್ಯಾಸ್ ಘಟಕಕ್ಕೆ ಲಘು ಪೋಷಕಾಂಶ ಸೇರಿಸಬೇಕೇ?

ಪ್ರಶ್ನೆ (ಹಾಸ್ಟೆಲ್ ಮೇಲ್ವಿಚಾರಕ, ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ವಿದ್ಯಾರ್ಥಿನಿಲಯದ ಅಡುಗೆಮನೆಯ ಹಿಂದೆ 10 ಘನ ಮೀಟರ್ ಸಾಮರ್ಥ್ಯದ, ತೇಲುವ ಡ್ರಮ್ಮಿನ ಬಯೋಗ್ಯಾಸ್ ಘಟಕವಿದೆ. ಆರಂಭದಲ್ಲಿ ಸಗಣಿ ಬಗ್ಗಡ ತುಂಬಿ ಚಾಲೂ ಮಾಡಿದೆವು. ಆಮೇಲೆ ಉಳಿದ ಅನ್ನ, ಮುದ್ದೆ, ಸಾರು, ತರಕಾರಿ ಸಿಪ್ಪೆಗಳನ್ನು ಅರೆದು, ನೀರೂ ಸೇರಿ ದಿನಕ್ಕೆ 250 ಲೀಟರ್ ಹಾಕುತ್ತಿದ್ದೇವೆ; ಸಗಣಿ ಹಾಕುವುದನ್ನು ನಿಲ್ಲಿಸಿದ್ದೇವೆ. ಮೊದಲ ಕೆಲವು ತಿಂಗಳು ಒಳ್ಳೆಯ ನೀಲಿ ಉರಿ ಬರುತ್ತಿತ್ತು. ಈಗ ಹಾಕುವ ಪ್ರಮಾಣ ಬದಲಾಗದಿದ್ದರೂ ಡ್ರಮ್ ಅರ್ಧಕ್ಕಿಂತ ಮೇಲೇಳುವುದಿಲ್ಲ, ಉರಿ ಬರ್ನರ್ ಬಿಟ್ಟು ಹಾರಿ ಆರಿಹೋಗುತ್ತದೆ, ಹೊರಬರುವ ಬಗ್ಗಡಕ್ಕೆ ಹುಳಿ ವಾಸನೆ ಬಂದಿದೆ. ಆದರೆ ಪಿಎಚ್ ಕಾಗದ 7.5 ತೋರಿಸುತ್ತದೆ. ಗೊಬ್ಬರದ ಅಂಗಡಿಯವರು ಬೆಳೆಗೆ ಸಿಂಪಡಿಸುವ ಲಘು ಪೋಷಕಾಂಶ ಮಿಶ್ರಣವನ್ನು ಹಾಕಿ ನೋಡಿ ಎನ್ನುತ್ತಾರೆ. ಹಾಕಬಹುದೇ?

ಉತ್ತರ 1 (ಸೂಕ್ಷ್ಮಜೀವಶಾಸ್ತ್ರ ಬೋಧಕಿ)

ಪಿಎಚ್ 7.5 ಇದೆಯೆಂದು ನೆಮ್ಮದಿಯಾಗಿರಬೇಡಿ. ಬೇಳೆ, ಮೊಸರು, ಮೊಟ್ಟೆಗಳ ಪ್ರೋಟೀನ್ ಕೊಳೆತಾಗ ಹುಟ್ಟುವ ಅಮೋನಿಯಾ ಆಮ್ಲದ ಪರಿಣಾಮವನ್ನು ಮುಚ್ಚಿಡುವುದರಿಂದ, ಊಟ ಕೊಳೆತು ಗ್ಯಾಸ್ ಆಗುವ ಮೊದಲಿನ ಹಂತದಲ್ಲಿ ಹುಟ್ಟುವ ಪ್ರೊಪಿಯಾನಿಕ್ ಆಮ್ಲ ಒಳಗೆ ಸೇರಿಕೊಳ್ಳುತ್ತಿದ್ದರೂ ಕಾಗದದ ಬಣ್ಣದಲ್ಲಿ ಅದು ಕಾಣುವುದಿಲ್ಲ. ಯಾವುದಾದರೂ ಕಾಲೇಜಿನ ಪ್ರಯೋಗಾಲಯದಲ್ಲಿ, ಸೋಸಿದ 20 ಮಿಲಿಲೀಟರ್ ಬಗ್ಗಡಕ್ಕೆ 0.1 ನಾರ್ಮಲ್ ಗಂಧಕಾಮ್ಲವನ್ನು ಹನಿಹನಿಯಾಗಿ ಬಿಟ್ಟು, ಪಿಎಚ್ 5.0ಕ್ಕೆ ಇಳಿಯಲು ಎಷ್ಟು ಬೇಕಾಯಿತು, ಅಲ್ಲಿಂದ 4.4ಕ್ಕೆ ಇಳಿಯಲು ಇನ್ನೆಷ್ಟು ಬೇಕಾಯಿತು ಎಂದು ಅಳೆಸಿ. ಇದರಿಂದ ಆಮ್ಲಕ್ಕೂ ಕ್ಷಾರಕ್ಕೂ ಇರುವ ಅನುಪಾತ ಸಿಗುತ್ತದೆ. ಅದು ಸಾಮಾನ್ಯವಾಗಿ 0.3ರಿಂದ 0.4ರೊಳಗೆ ಇರಬೇಕು.

ಇನ್ನು ಲಘು ಪೋಷಕಾಂಶಗಳ, ಅಂದರೆ ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳಿಗೆ ಅತ್ಯಲ್ಪ ಪ್ರಮಾಣದಲ್ಲಿ ಬೇಕಾದ ಲೋಹಗಳ ವಿಚಾರ. ಬಯೋಗ್ಯಾಸಿನಲ್ಲಿ ಉರಿಯುವ ಅನಿಲವಾದ ಮೀಥೇನ್ ಬಿಡುಗಡೆಯಾಗುವ ಕಟ್ಟಕಡೆಯ ಹಂತವನ್ನು ನಡೆಸುವ ಕಿಣ್ವಕ್ಕೆ ಎಫ್430 ಎಂಬ ಸಹಕಿಣ್ವ ಬೇಕು, ಅದರ ನಟ್ಟನಡುವೆ ಇರುವುದು ನಿಕ್ಕಲ್. ಅದಕ್ಕೂ ಮೊದಲು ಮೀಥೈಲ್ ಗುಂಪನ್ನು ಸಾಗಿಸುವ, ಬಿ12 ವಿಟಮಿನ್ನಿನ ಜಾತಿಗೆ ಸೇರಿದ ಅಣುವಿನಲ್ಲಿ ಕೋಬಾಲ್ಟ್ ಇದೆ. ಪ್ರೊಪಿಯಾನಿಕ್ ಆಮ್ಲ ಒಡೆದಾಗ ಬರುವ ಫಾರ್ಮೇಟನ್ನು (ಫಾರ್ಮಿಕ್ ಆಮ್ಲದ ರೂಪ) ವಿಲೇವಾರಿ ಮಾಡುವ ಕಿಣ್ವಕ್ಕೆ ಹಲವು ಜೀವಿಗಳಲ್ಲಿ ಸೆಲೆನಿಯಂ ಬೇಕು, ಜೊತೆಗೆ ಮಾಲಿಬ್ಡಿನಂ ಅಥವಾ ಟಂಗ್‌ಸ್ಟನ್ ಬೇಕು. ಅಮೋನಿಯಾ ಹೆಚ್ಚಾದಾಗ ಅಸಿಟೇಟನ್ನು (ವಿನೆಗರ್ ಆಮ್ಲದ ರೂಪ) ನೇರವಾಗಿ ಮೀಥೇನ್ ಮಾಡುವ ದಾರಿ ಕುಂಠಿತವಾಗಿ, ಹೈಡ್ರೋಜನ್ ಮೂಲಕ ಸುತ್ತಿಬರುವ ದಾರಿಯೇ ಮುಖ್ಯವಾಗುವುದರಿಂದ ಸೆಲೆನಿಯಂ, ಕೋಬಾಲ್ಟ್‌ಗಳ ಕೊರತೆ ಆಗಲೇ ಹೆಚ್ಚು ಕಾಡುತ್ತದೆ.

ಮೊದಲು ಚೆನ್ನಾಗಿದ್ದದ್ದು ಈಗೇಕೆ ಕೆಟ್ಟಿತು ಎಂಬುದಕ್ಕೆ ನಿಮ್ಮ ಲೆಕ್ಕದಲ್ಲೇ ಉತ್ತರವಿದೆ. 10,000 ಲೀಟರಿಗೆ ದಿನಕ್ಕೆ 250 ಲೀಟರ್ ಎಂದರೆ ತಂಗುವ ಅವಧಿ 40 ದಿನ. ಒಳಗಿನದು ಚೆನ್ನಾಗಿ ಬೆರೆಯುತ್ತಿದೆ ಎಂದಿಟ್ಟುಕೊಂಡರೆ, 120 ದಿನ ಕಳೆಯುವಷ್ಟರಲ್ಲಿ ಮೊದಲು ತುಂಬಿದ ಸಗಣಿ ಬಗ್ಗಡದಲ್ಲಿ ಸುಮಾರು ಇಪ್ಪತ್ತರಲ್ಲೊಂದು ಪಾಲು ಮಾತ್ರ ಉಳಿದಿರುತ್ತದೆ. ಅದು ತಂದಿದ್ದ ಲೋಹಗಳೂ ಅದರ ಜೊತೆಗೇ ಹೊರಹೋಗಿರುತ್ತವೆ, ಅನ್ನ ಸಾರಿನಿಂದ ಅಷ್ಟು ಮತ್ತೆ ಬರುವುದಿಲ್ಲ.

ಅಂಗಡಿಯ ಮಿಶ್ರಣ ಬೇಡ. ಅದು ಬೆಳೆಗೆಂದು ಮಾಡಿದ್ದು. ಸತು, ಬೋರಾನ್, ಮ್ಯಾಂಗನೀಸ್, ತಾಮ್ರ, ಕಬ್ಬಿಣ ಇರುತ್ತವೆಯೇ ಹೊರತು ನಿಮಗೆ ಬೇಕಾದ ಕೋಬಾಲ್ಟ್, ಸೆಲೆನಿಯಂ ಸಾಮಾನ್ಯವಾಗಿ ಇರುವುದಿಲ್ಲ. ತಾಮ್ರ, ಸತು ಹೆಚ್ಚಾದರೆ ಈ ಜೀವಿಗಳಿಗೆ ವಿಷ.

ಉತ್ತರ 2 (ಮಂಡ್ಯ)

ಬೋಧಕಿಯವರ ಮಾತಿಗೆ ಒಂದು ಸೇರ್ಪಡೆ. ಲೋಹ ಒಳಗಿದ್ದ ಮಾತ್ರಕ್ಕೆ ಜೀವಿಗಳಿಗೆ ಸಿಗುತ್ತದೆ ಎನ್ನುವಂತಿಲ್ಲ. ನಮ್ಮ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್‌ನಿಂದ (ಕಬ್ಬಿನ ಹಾಲು ಸೋಸಿದಾಗ ಉಳಿಯುವ ಮಡ್ಡಿ) ಗ್ಯಾಸ್ ಮಾಡುವ ಮಾತು ಬಂದಾಗಲೆಲ್ಲ ಈ ತೊಡಕು ಎದುರಾಗುತ್ತದೆ. ಕಬ್ಬಿನ ಹಾಲನ್ನು ಗಂಧಕದ ಹೊಗೆ ಹಾಯಿಸಿ ತಿಳಿಗೊಳಿಸುವ ಕಡೆ ಪ್ರೆಸ್‌ಮಡ್‌ನಲ್ಲಿ ಗಂಧಕದ ಅಂಶ ಉಳಿಯುತ್ತದೆ. ಗಾಳಿಯಿಲ್ಲದ ಗುಂಡಿಯಲ್ಲಿ ಅದು ಸಲ್ಫೈಡ್ ಆಗಿ, ನಿಕ್ಕಲ್, ಕೋಬಾಲ್ಟ್‌ಗಳನ್ನು ಕರಗದ ಕೆಸರಾಗಿ ಹಿಡಿದಿಡುತ್ತದೆ. ಪ್ರಯೋಗಾಲಯದ ವರದಿಯಲ್ಲಿ ಲೋಹದ ಒಟ್ಟು ಪ್ರಮಾಣ ಸಾಕಷ್ಟು ಕಂಡರೂ ಜೀವಿಗಳು ಉಪವಾಸವಿರಬಹುದು. ಕಬ್ಬಿಣ ಹಾಕಿದರೆ ಸಲ್ಫೈಡಿನ ಬಹುಪಾಲನ್ನು ಅದು ಹಿಡಿದುಕೊಳ್ಳುತ್ತದೆ, ಗ್ಯಾಸಿನ ಕೊಳೆತ ಮೊಟ್ಟೆಯ ವಾಸನೆಯೂ ತಗ್ಗುತ್ತದೆ. ಆದರೆ ಅಗ್ಗವೆಂದು ಅನ್ನಭೇದಿ (ಫೆರಸ್ ಸಲ್ಫೇಟ್) ಸುರಿಯಬೇಡಿ, ಅದರಲ್ಲಿರುವ ಸಲ್ಫೇಟ್ ಒಳಗೆ ಮತ್ತೆ ಸಲ್ಫೈಡೇ ಆಗುತ್ತದೆ. ಫೆರಸ್ ಕ್ಲೋರೈಡ್ ಮೇಲು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಕಾಲೇಜಿನಲ್ಲಿ ಅಳೆಸಿದೆ, ಅನುಪಾತ 0.6 ಬಂದಿದೆ. ಹಾಗಾದರೆ ಕೋಬಾಲ್ಟ್, ಸೆಲೆನಿಯಂ ಲವಣಗಳನ್ನೇ ತರಿಸಿ ಹಾಕಲೇ? ಎಷ್ಟು ಬೇಕಾಗಬಹುದು?

ಉತ್ತರ 3 (ಘಟಕ ನಿರ್ವಹಣೆಯ ವೃತ್ತಿಯವನು)

ಬೇಕಾಗುವುದು ಚಿಟಿಕೆಯಷ್ಟೇ, ಅಪಾಯವೂ ಅಲ್ಲೇ ಇದೆ. ಊಟದ ತ್ಯಾಜ್ಯದ ಬಗ್ಗೆ ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಲೀಟರಿಗೆ ಸೆಲೆನಿಯಂ 0.16, ಕೋಬಾಲ್ಟ್ 0.22 ಮಿಲಿಗ್ರಾಂ ಎಂಬ ಅಳತೆ ಕೊಟ್ಟಿದ್ದಾರೆ. ನಿಮ್ಮ 10,000 ಲೀಟರಿಗೆ ಅದು 1.6 ಗ್ರಾಂ ಸೆಲೆನಿಯಂ, 2.2 ಗ್ರಾಂ ಕೋಬಾಲ್ಟ್ ಆಗುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗುವ ವಸ್ತುಗಳಲ್ಲ ಇವು. ಸೆಲೆನಿಯಂ ಸ್ವಲ್ಪ ಹೆಚ್ಚಾದರೂ ವಿಷ, ನಿಕ್ಕಲ್ ಲವಣಗಳು ಕ್ಯಾನ್ಸರ್‌ಕಾರಕ, ಹೊರಬರುವ ಬಗ್ಗಡ ಹೋಗುವುದು ತೋಟಕ್ಕೆ. ಹಾಸ್ಟೆಲ್ಲಿನಲ್ಲಿ ಇಂಥ ಪುಡಿಗಳನ್ನು ಇಟ್ಟುಕೊಳ್ಳುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

0.6 ಇರುವಾಗ ಕೆಲವು ದಿನ ಊಟ ಹಾಕುವುದನ್ನು ಪೂರ್ತಿ ನಿಲ್ಲಿಸಿ. ಅನುಪಾತ ಇಳಿದ ಮೇಲೆ ಅರ್ಧ ಪ್ರಮಾಣದಿಂದ ಶುರುಮಾಡಿ, ಹಾಕುವುದರಲ್ಲಿ ಹತ್ತರಲ್ಲೊಂದು ಪಾಲಾದರೂ ಸಗಣಿ ಇರುವಂತೆ ನೋಡಿಕೊಳ್ಳಿ. ಕೊರತೆ ಲೋಹದ್ದೇ ಹೌದೋ ಎಂಬ ಅನುಮಾನ ಉಳಿದರೆ, ಒಂದೇ ಅಳತೆಯ ಎರಡು ಕ್ಯಾನ್‌ಗಳಿಗೆ ನಿಮ್ಮ ಬಗ್ಗಡ, ಒಂದೇ ಪ್ರಮಾಣದ ಅರೆದ ಅನ್ನ ತುಂಬಿ, ಒಂದಕ್ಕೆ ಹಸಿ ಸಗಣಿಯನ್ನೂ ಇನ್ನೊಂದಕ್ಕೆ ಕುದಿಸಿ ಆರಿಸಿದ ಸಗಣಿಯನ್ನೂ ಸೇರಿಸಿ, ಬಾಯಿಗೆ ಟ್ಯೂಬ್ ಕಟ್ಟಿ, ನೀರು ತುಂಬಿ ಬೋರಲು ಹಾಕಿದ ಬಾಟಲಿಗೆ ಗ್ಯಾಸ್ ಹಿಡಿಯಿರಿ. ಕುದಿಸಿದಾಗ ಜೀವಿಗಳು ಬಹುಪಾಲು ಸಾಯುತ್ತವೆ, ಲೋಹ ಎಲ್ಲಿಗೂ ಹೋಗುವುದಿಲ್ಲ. ಎರಡರಲ್ಲೂ ಗ್ಯಾಸ್ ಸರಿಸುಮಾರು ಒಂದೇ ಸಮ ಏರಿದರೆ ಕೊರತೆ ಪೋಷಕಾಂಶದ್ದು. ಹಸಿಯದರಲ್ಲಿ ಮಾತ್ರ ಏರಿದರೆ ನಿಮ್ಮ ಗುಂಡಿಯಲ್ಲಿ ಜೀವಿಗಳೇ ಕಡಿಮೆಯಾಗಿವೆ ಎನ್ನಬಹುದು.

ಸಗಣಿ ತರುವ ಕೊಟ್ಟಿಗೆಯಲ್ಲಿ ಹಸುಗಳ ಗೊರಸಿಗೆ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು ಬಳಸುತ್ತಾರೆಯೇ, ಇತ್ತೀಚೆಗೆ ಆ್ಯಂಟಿಬಯೋಟಿಕ್ ಕೊಟ್ಟಿದ್ದಾರೆಯೇ ಎಂದು ಕೇಳಿಕೊಂಡೇ ತನ್ನಿ.